ಪೂಜೆಗೆ ಕೂತ ಮೈಕು

ಆ ಬೆಳಿಗ್ಗೆ ಅಪ್ಪನ ಮೈಕು ಕೆಲಸ ಮಾಡಿತೋ ಇಲ್ಲವೋ, ನನಗೆ ಖಚಿತವಿಲ್ಲ. ಮಾಡಿತು ಎಂದು ನನ್ನ ನೆನಪು. ಕರಕರ ಬಿಟ್ಟರೆ ಏನೂ ಬರಲಿಲ್ಲ ಎಂದು ಅಕ್ಕನ ನೆನಪು. ಪೂಜೆ ಮಾಡಿದ್ದರಿಂದ ಮೊದಲಿಗಿಂತ ಚೆನ್ನಾಗಿ ಕೇಳಿತು ಎನ್ನುತ್ತಾಳೆ ಅಮ್ಮ. ಯೂನಿವರ್ಸಿಟಿಯಲ್ಲಿ ನಾನು ಕಲಿತದ್ದು ಅನುಮಾನಪಡುವುದೊಂದನ್ನೇ. ಅದೀಗ ನನಗೇ ತಿರುಗಿಬಿದ್ದಿದೆ.

ಥೈರಾಯ್ಡ್ ಆಪರೇಷನ್ ಆದಮೇಲೆ ಅಪ್ಪನ ಗಂಟಲಿನಿಂದ ಉಸಿರು ಬರುತ್ತದೆ, ದನಿ ಬರುವುದಿಲ್ಲ. ಅದಕ್ಕೆಂದು ಟೂರಿಸ್ಟ್ ಗೈಡುಗಳು ಹಾಕಿಕೊಳ್ಳುವಂಥದ್ದನ್ನು ತಂದುಕೊಟ್ಟೆ: ತಲೆಗೆ ಸಿಕ್ಕಿಸುವ ಕಡ್ಡಿ, ತುದಿಯಲ್ಲಿ ಕಡಲೆಕಾಳಿನಷ್ಟು ಮೈಕು, ಅದಕ್ಕೊಂದು ಸ್ಪಂಜಿನ ಟೋಪಿ, ಸೊಂಟಕ್ಕೆ ಸ್ಪೀಕರ್ ಡಬ್ಬಿ. ಆನ್ ಮಾಡಿದರೆ ಡಬ್ಬಿಯ ಮೇಲೆ ಹಸಿರು ದೀಪ. ಕೊಚ್ಚಿಯ ನಮ್ಮ ಫ್ಲ್ಯಾಟಿನಲ್ಲಿ ಅಪ್ಪ ಪೇಪರ್ ಓದುತ್ತಾ ಮಂತ್ರಿಗಳನ್ನು ಬೈಯುವುದು ಈಗ ಮೇಲಿನ ಮಹಡಿಗೂ ಕೇಳುತ್ತದೆ. ಎದುರುಮನೆಯ ಮಲಯಾಳಿ ಅಕ್ಕ, ಚೇಚಿಗೆ ಕನ್ನಡ ಬಾರದು, ಬೈಗುಳಗಳಷ್ಟನ್ನು ಕಲಿತುಕೊಂಡಿದ್ದಾರೆ.

ಮೈಕಿನ ಸೇವೆ ನನ್ನದು. ಅಪ್ಪ ಸ್ಪಂಜನ್ನು ಲೋಟದೊಳಗೆ ಅದ್ದಿಕೊಂಡೇ ಕಾಫಿ ಕುಡಿಯುತ್ತಾರೆ. ಹಿಂಡಿದರೆ ಇನ್ನೊಂದು ಗುಟುಕು ಸಿಕ್ಕೀತು. ಭಾನುವಾರ ಅದನ್ನು ಕಳಚಿ, ಉಗುರುಬೆಚ್ಚಗಿನ ನೀರಿಗೆ ಒಂದು ತೊಟ್ಟು ಶಾಂಪೂ ಹಾಕಿ ತೊಳೆದು, ಟವೆಲಿನಲ್ಲಿ ಒತ್ತಿ, ಫ್ಯಾನಿನ ಕೆಳಗಿಡುತ್ತೇನೆ. ಕೊಚ್ಚಿಯ ಹವೆಯಲ್ಲಿ ಬಟ್ಟೆ ಒಣಗುತ್ತದೆ ಎನ್ನುವುದೇ ಒಂದು ಮೂಢನಂಬಿಕೆ. ಹಾಗಾಗಿ ಬೂಟಿನ ಪೆಟ್ಟಿಗೆಗಳಲ್ಲಿ ಬರುವ ತೇವ ಹೀರುವ ಪೊಟ್ಟಣಗಳನ್ನು ಕೂಡಿಟ್ಟು, ಮೈಕನ್ನು ಅವುಗಳ ಜೊತೆ ಬೇರೊಂದು ಡಬ್ಬಿಯಲ್ಲಿ ಮಲಗಿಸುತ್ತೇನೆ. ವೈರು ಬಿಗಿದು ಸುತ್ತಿದರೆ ಒಳಗೇ ತುಂಡಾಗುತ್ತದೆ ಎಂದು ಹೇಳಿದ್ದೇನೆ. ಅಪ್ಪ ಬುಗುರಿಗೆ ಹುರಿ ಸುತ್ತಿದ ಹಾಗೆ ಸುತ್ತುತ್ತಾರೆ. ದೇವರಿಲ್ಲ ಅನ್ನುವವನಿಗೆ ಇದೇ ನಿತ್ಯಪೂಜೆ ಎಂದು ಅಮ್ಮನ ಕೊಂಕು.

ನವರಾತ್ರಿಗೆ ತಿರುವನಂತಪುರಕ್ಕೆ ಹೋದೆವು, ಶ್ರೀಕಾರ್ಯಂನಲ್ಲಿರುವ ಅಕ್ಕನ ಮನೆಗೆ. ವಿಜಯದಶಮಿಗೆ ಅವಳ ಮೂರು ವರ್ಷದ ಮಗಳ ಅಕ್ಷರಾಭ್ಯಾಸ. ಕನ್ನಡದ ಮೊದಲ ಅಕ್ಷರವನ್ನು ತಾನೇ ಹೇಳಿಕೊಟ್ಟು ಅಕ್ಕಿಯ ಮೇಲೆ ಬರೆಸಬೇಕೆಂದು ಅಪ್ಪನ ಹಟ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಗು ಮಲಯಾಳದಲ್ಲಿ ಉತ್ತರ ಕೊಡುತ್ತಿತ್ತು, ಅದಿರಲಿ. ಮೈಕಿಲ್ಲದ ತಾತನ ಬುಸುಬುಸು ಕೇಳಿದರೆ ಹಾವು ಬಂತೆಂದು "ಪಾಂಬ್! ಪಾಂಬ್!" ಎಂದು ಕಿರುಚಿ ಓಡುತ್ತಿತ್ತು. ಹೆದರಿದರೆ ದೇವಸ್ಥಾನಕ್ಕೆ ಕರೆದೊಯ್ದು ಮಲಯಾಳವನ್ನೇ ಬರೆಸುತ್ತೇನೆ ಎಂದು ಅಕ್ಕ ಮೊದಲೇ ಹೇಳಿಬಿಟ್ಟಿದ್ದಳು.

ಅಷ್ಟಮಿಯ ಸಂಜೆ ಅಮ್ಮ ಇಲ್ಲಿನ ಪದ್ಧತಿಯಂತೆ ಪುಸ್ತಕಗಳನ್ನು ಪೂಜೆಗಿಟ್ಟಳು. ಇಟ್ಟದ್ದನ್ನು ದಶಮಿಯ ಬೆಳಿಗ್ಗೆಯವರೆಗೆ ಮುಟ್ಟುವಂತಿಲ್ಲ. ಜೊತೆಗೆ ಮೈಸೂರಿನ ಪದ್ಧತಿಯಂತೆ ಸ್ಕೂಟರಿನ ಕೀ, ಭಾವನ ಲ್ಯಾಪ್‌ಟಾಪು, ಮಿಕ್ಸಿ, ಎಲ್ಲಕ್ಕೂ ಗಂಧ ಕುಂಕುಮ. ಮುಟ್ಟಬಾರದೆಂಬ ನಿಯಮ ಮಿಕ್ಸಿಗೆ ಮಾತ್ರ ಇರಲಿಲ್ಲ, ಚಟ್ನಿ ಆಗಬೇಕಿತ್ತಲ್ಲ. ಪುಸ್ತಕಗಳ ನೆತ್ತಿಯ ಮೇಲೆ ಅಪ್ಪನ ಮೈಕು ಕೂತಿತ್ತು, ಸ್ಪಂಜಿನ ತುಂಬ ಹಸಿ ಗಂಧ ಬಳಿಸಿಕೊಂಡು.

"ಅಮ್ಮಾ, ಕುಂಕುಮ ಒಳಗ್ ಹೋದ್ರೆ ಕೆಟ್ಟೋಗುತ್ತೆ!"

"ಸುಮ್ನಿರೋ. ನಿಮ್ಮಪ್ಪಂಗಿರೋ ಆಯುಧ ಅದೊಂದೇ."

"ತೆಗೀತೀನಿ."

"ಮುಟ್ಟು, ನೋಡ್ತೀನಿ. ಪೂಜೆಗಿಟ್ಟಿದೀನಿ."

ಅಪ್ಪ ನನ್ನ ಕಿವಿಯಲ್ಲಿ ಬುಸುಗುಟ್ಟಿದರು: "ಬೇಕೂಂತ್ಲೇ ಮಾಡಿದಾಳೆ ಕಣೋ."

"ಏನ್ರೀ? ಕೇಳಿಸ್ಲಿಲ್ಲ," ಎಂದಳು ಅಮ್ಮ, ಬಹಳ ಸಂತೋಷದಿಂದ.

ನವಮಿಯಿಡೀ ಮನೆ ಶಾಂತವಾಗಿತ್ತು. ಅಪ್ಪ ತುಟಿ ಬಿಚ್ಚಲಿಲ್ಲ. ಮಗು ಸೋಫಾದ ಹಿಂದೆ ನಿಂತು ಅವರನ್ನು ಕಾವಲು ಕಾಯಿತು.

ದಶಮಿಯ ಬೆಳಿಗ್ಗೆ ನೋಡಿದರೆ ಗಂಧ ಒಣಗಿ ಸ್ಪಂಜು ಕಲ್ಲಾಗಿತ್ತು. ಕಿತ್ತು ನೆನೆಹಾಕಿದೆ. ಮೈಕನ್ನು ಬೋರಲು ಹಿಡಿದು, ಮಗುವಿಗೆಂದು ತಂದಿದ್ದ ಹೊಸ ಟೂತ್‌ಬ್ರಷ್ಷಿನಲ್ಲಿ ಕುಂಕುಮ ಕೊಡವಿದೆ. ಊದಬಾರದು, ಎಂಜಲು ಒಳಗಿಳಿಯುತ್ತದೆ ಎನ್ನುವಷ್ಟರಲ್ಲಿ ಅಮ್ಮ ಊದಿಯೇಬಿಟ್ಟಳು. ಟೋಪಿಯಿಲ್ಲದ ಮೈಕನ್ನೇ ಅಪ್ಪ ತಲೆಗೇರಿಸಿದರು. ಹಸಿರು ದೀಪ ಹತ್ತಿತು. ಸ್ಪೀಕರು "ಕರ್ರ್" ಎಂದಿತು. ಮಗುವೂ "ಕರ್ರ್" ಎಂದಿತು.

"ಮೊದಲನೇ ಪಾಠ ಆಯ್ತು," ಎಂದರು ಫೋನಿನಲ್ಲಿ ವಿಡಿಯೊ ಮಾಡುತ್ತಿದ್ದ ಭಾವ.

ತಕರಾರು ಇರುವುದು ಆಮೇಲಿನದರ ಬಗ್ಗೆ. ಅಪ್ಪ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೀದಿಗೆಲ್ಲ ಕೇಳುವಂತೆ "ಅ" ಎಂದದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ಮಗು ಅಕ್ಕಿಯಲ್ಲಿ ಬೆರಳಾಡಿಸಿ "ಅ" ಎಂದಿತು. ಸಾಕಾಗಿ ಮಲಯಾಳದಲ್ಲೇ "ಮದಿ ತಾತಾ" ಎಂದು ಎದ್ದುಹೋಯಿತು. ಮಾರನೆಯ ದಿನ ತಂಪಾನೂರಿನ ಸ್ಟೇಷನ್ನಿನಲ್ಲಿ ಸೀಟಿಗಾಗಿ ಅಪ್ಪ ಆಡಿದ ಜಗಳ ಪ್ಲಾಟ್‌ಫಾರ್ಮಿಗೆಲ್ಲ ಕೇಳಿತ್ತು. ಮೈಕು ನೆಟ್ಟಗಿತ್ತು ಎನ್ನಲು ಇಷ್ಟು ಸಾಕ್ಷಿ ಸಾಕು ಎಂದುಕೊಂಡಿದ್ದೆ.

ಮೊನ್ನೆ ಭಾವನಿಂದ ಆ ವಿಡಿಯೊ ತರಿಸಿಕೊಂಡೆ. ಬಹುಪಾಲು ಫ್ಯಾನು ಮತ್ತು ಅಮ್ಮನ ಸೆರಗು. ಪಕ್ಕದ ಮನೆಯ ಮಿಕ್ಸಿಯ ಸದ್ದಿನಲ್ಲಿ ಅಪ್ಪನ ಮಾತು ಕೇಳುವುದೇ ಇಲ್ಲ. ಕೊನೆಯಲ್ಲಿ ಮಗು ಅವರ ತುಟಿಗೆ ಕಿವಿ ಕೊಟ್ಟು ಕೂತಿದೆ, ಆಮೇಲೆ ಜೋರಾಗಿ "ಅ" ಎನ್ನುತ್ತದೆ. ಆ ಹೊತ್ತಿಗೆ ಅಪ್ಪನ ಸೊಂಟದ ಡಬ್ಬಿ ಚೆನ್ನಾಗಿಯೇ ಕಾಣುತ್ತದೆ. ನಿಲ್ಲಿಸಿ, ದೊಡ್ಡದು ಮಾಡಿ, ಮತ್ತೆ ಮತ್ತೆ ನೋಡಿದೆ. ಹಸಿರು ದೀಪ ಆರಿದೆ.