ಸಾವಿನ ಮನೆಯಲ್ಲಿ ಜೋರಾಗಿ ಕೇಳುವವರು

ನಮ್ಮಣ್ಣ ಸತ್ತ ದಿನ ನಾನು ಅತ್ತಿದ್ದು ಕಡಿಮೆ. ಕೋಪ ಅಳುವುದಕ್ಕೆ ಬಿಡಲಿಲ್ಲ. ಆ ಕೋಪ ಇನ್ನೂ ಇಳಿದಿಲ್ಲ, ಇಳಿಯಲಿ ಅಂತ ಬರೆಯುತ್ತಲೂ ಇಲ್ಲ.

ಅಣ್ಣ ಗೂಡ್ಸ್ ಟೆಂಪೊ ಓಡಿಸುತ್ತಿದ್ದ. ಅತ್ತಿಗೆ ಕುಂಬಾರಕೊಪ್ಪಲಿನ ನಮ್ಮ ಬೀದಿಯ ತುದಿಯಲ್ಲಿ ತಳ್ಳುಗಾಡಿ ಇಟ್ಟುಕೊಂಡು ಇಡ್ಲಿ ಮಾರುತ್ತಿದ್ದರು. ಮಳೆ ಬಂದರೆ ವ್ಯಾಪಾರ ನಿಂತಂತೆಯೇ. ಮುಖ್ಯರಸ್ತೆಯಲ್ಲಿ ಒಂದು ಪುಟ್ಟ ಮಳಿಗೆ ಖಾಲಿಯಾಗಿತ್ತು. ಅದರ ಅಡ್ವಾನ್ಸಿಗೆಂದು ಗಂಡ ಹೆಂಡತಿ ವರ್ಷಗಟ್ಟಲೆ ಚೀಟಿ ಕಟ್ಟಿ, ಎತ್ತಿದ ದುಡ್ಡನ್ನು ಮುಟ್ಟದೆ ಇಟ್ಟಿದ್ದರು. ಮಳಿಗೆಯವನಿಗೆ ಮುಂದಿನ ತಿಂಗಳು ಕೊಡಬೇಕಿತ್ತು. ಅಷ್ಟರಲ್ಲಿ ಒಂದು ಬೆಳಿಗ್ಗೆ ಅಣ್ಣ ಹಲ್ಲುಜ್ಜುತ್ತಾ ನಿಂತಿದ್ದವನು ಹಾಗೇ ಕುಸಿದ. ಆಸ್ಪತ್ರೆ ಸೇರುವ ಮೊದಲೇ ಎಲ್ಲಾ ಮುಗಿದಿತ್ತು.

ಅತ್ತಿಗೆಗೂ, ಕಾಲೇಜಿಗೆ ಹೋಗುವ ಮಗಳಿಗೂ ಇನ್ನು ಗತಿ ಅಂದರೆ ಆ ದುಡ್ಡು, ಆ ಮಳಿಗೆ. ಇದು ನನಗೆ ಗೊತ್ತಿತ್ತು. ಬಂದ ನೆಂಟರಿಗೂ ಗೊತ್ತಿತ್ತು. ಚಿಕ್ಕಪ್ಪನಿಗಂತೂ ಚೆನ್ನಾಗಿಯೇ ಗೊತ್ತಿತ್ತು.

ಚಿಕ್ಕಪ್ಪ ಅಂದರೆ ನಮ್ಮಪ್ಪನ ತಮ್ಮ. ಅಪ್ಪ ಇಲ್ಲದ ಮನೆಗೆ ಅವರೇ ಹಿರಿಯರು. ಬಂದವರೇ ಶಾಮಿಯಾನದ ಕೆಳಗೆ ಕುರ್ಚಿ ಎಳೆದುಕೊಂಡು ಕೂತು ಮೊಬೈಲು ತೆಗೆದರು. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಸಾಯಂಕಾಲದೊಳಗೆ ಮಣ್ಣು ಮಾಡುವುದೆಂದು ಮಾತಾಗಿತ್ತು. ಗುಂಡಿಗೆ ಜಾಗ ನೋಡಿ ಬರಲು ನಾನು ರುದ್ರಭೂಮಿಗೆ ಹೋದೆ. ವಾಪಸು ಬರುವಷ್ಟರಲ್ಲಿ ಅಣ್ಣನನ್ನು ಗಾಜಿನ ಫ್ರೀಜರ್ ಪೆಟ್ಟಿಗೆಯೊಳಗೆ ಮಲಗಿಸಿಬಿಟ್ಟಿದ್ದರು. ಬದುಕಿದ್ದಾಗ ಒಂದು ಫ್ಯಾನಿನ ಕೆಳಗೆ ನೆಟ್ಟಗೆ ಮಲಗದವನು.

“ಸಾಯಂಕಾಲ ಮಣ್ಣು ಮಾಡೋ ಹೆಣಕ್ಕೆ ಪೆಟ್ಟಿಗೆ ಯಾಕೆ ಚಿಕ್ಕಪ್ಪ?”

“ದೊಡ್ಡೋರ ಮನೇಲೆಲ್ಲ ಇಡ್ತಾರೆ ಕಣ್ಲಾ.”

“ಅವರ ಮಕ್ಕಳು ದೂರದಿಂದ ಬರೋಗಂಟ ಇಡ್ತಾರೆ. ನಮ್ಮೋರು ಯಾರು ಬರ್ಬೇಕು? ಎಲ್ಲಾ ಇಲ್ಲೇ ಕಾಫಿ ಕುಡೀತಾ ಕೂತವ್ರಲ್ಲ!”

“ನಾನೇನು ನನ್ನಿಷ್ಟಕ್ಕೆ ತರ್ಸಿದ್ನಾ? ನಿಮ್ಮತ್ತಿಗೇನ ಕೇಳೇ ತರ್ಸಿದ್ದು.”

ಹೇಗೆ ಕೇಳಿದರು ಅಂತ ಆಮೇಲೆ ನಾನೇ ಕಣ್ಣಾರೆ ಕಂಡೆ. ಅತ್ತಿಗೆ ಅಣ್ಣನ ತಲೆಯ ಹತ್ತಿರ ಕೂತಿದ್ದರು. ಸುತ್ತ ಹೆಂಗಸರು. ಚಿಕ್ಕಪ್ಪ ಕೂತಲ್ಲಿಂದಲೇ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು: “ಏನವ್ವಾ, ಹೂವಿನ ಗಾಡಿ ಹೇಳೋದೋ ಬ್ಯಾಡ್ವೋ? ಆಮೇಕೆ ಯಾರೂ ನನ್ನ ಅನ್ಬಾರ್ದು ನೋಡು!”

ಅತ್ತಿಗೆ ತಲೆ ಎತ್ತಲಿಲ್ಲ. ಗಂಡನ ಹೆಣದ ಮುಂದೆ ಕೂತವಳು ಹತ್ತಾರು ಜನ ನೋಡುತ್ತಿರುವಾಗ ಬೇಡ ಅಂತ ಹೇಗೆ ಹೇಳುತ್ತಾಳೆ? ಪಕ್ಕದ ಹೆಂಗಸೊಬ್ಬರು ಅವರ ಪರವಾಗಿ ತಲೆಯಾಡಿಸಿದರು. ಅಷ್ಟಕ್ಕೇ ಚಿಕ್ಕಪ್ಪ “ಹೂಂ ಅಂದ್ರು, ಹೂಂ ಅಂದ್ರು” ಎಂದು ಮೊಬೈಲು ಕಿವಿಗಿಟ್ಟರು. ಮಾತಾಡದವರ ಬಾಯಿಂದ ಹೂಂ ತೆಗೆಯುವ ವಿದ್ಯೆ ಇದು. ಪಟಾಕಿ, ತಮಟೆ, ಹಾರ, ಎಲ್ಲವೂ ಇದೇ ದಾರಿಯಲ್ಲಿ ಬಂದವು.

ನಾನು ಹೋಗಿ ಮೊಬೈಲು ಕಿತ್ತುಕೊಂಡು ಹೂವಿನ ಗಾಡಿ ಬೇಡ ಅಂದೆ. ಅಣ್ಣನ ಟೆಂಪೊ ಸ್ಟ್ಯಾಂಡಿನ ಗೆಳೆಯರು ಗಾಡಿ ತೊಳೆದು, ಬಾಳೆಕಂದು ಕಟ್ಟಿಕೊಂಡು ಆಗಲೇ ಬಂದು ನಿಂತಿದ್ದರು.

“ಸಾಮಾನು ಗಾಡೀಲಿ ಹೆಣ ಸಾಗಿಸ್ತೀಯೇನ್ಲಾ? ಜನ ಏನಂದಾರು?”

“ಆ ಸಾಮಾನು ಗಾಡೀಲೇ ಅಲ್ವಾ ಅವ್ನು ಅನ್ನ ಹುಟ್ಟಿಸ್ಕಂಡಿದ್ದು? ಜನ ಏನಾರ ಅಂದ್ರೆ ಜನವೇ ಬಾಡಿಗೆ ಕೊಡ್ಲಿ.”

ಡ್ರೈವರೊಬ್ಬ, “ಯಜಮಾನ್ರೇ, ನೀವೂ ಹಿಂದೆ ಹತ್ತಿ, ನಿಮಗೂ ಬಾಡಿಗೆ ಇಲ್ಲ” ಅಂದ. ಸಾವಿನ ಮನೆಯಲ್ಲೂ ನಾಲ್ಕು ಜನ ನಕ್ಕರು. ಚಿಕ್ಕಪ್ಪನ ಮುಖ ಕೆಂಪಾಯಿತು.

ರುದ್ರಭೂಮಿಯಲ್ಲಿ ನಡೆದದ್ದನ್ನು ಮಾತ್ರ ನಾನು ಸಾಯುವತನಕ ಮರೆಯುವುದಿಲ್ಲ. ಇಬ್ಬರು ಆಳುಗಳು ಮಧ್ಯಾಹ್ನವೆಲ್ಲ ಗುಂಡಿ ತೋಡಿದ್ದರು. ಕೆಳಗೆ ಬರೀ ಬೇರು, ಕಲ್ಲು. ಮಣ್ಣು ಮುಚ್ಚಿ, ನೀರು ಚಿಮುಕಿಸಿ ಆದಮೇಲೆ ಅವರು ಕೂಲಿ ಕೇಳಿದರು. ಆಗ ಮುಂದೆ ಬಂದರು ನೋಡಿ ನಮ್ಮ ಚಿಕ್ಕಪ್ಪ!

“ಒಂದು ಗುಂಡಿಗೆ ಇಷ್ಟಾ? ಏನು ಬಾವಿ ತೋಡಿದ್ದೀರೇನ್ರೋ? ಅರ್ಧ ಇಸ್ಕಳ್ಳಿ.”

ಗಾಜಿನ ಪೆಟ್ಟಿಗೆಯವನು ಅರ್ಧ ದಿನಕ್ಕೆ ಪೂರ್ತಿ ದಿನದ ಬಾಡಿಗೆ ಹೇಳಿದಾಗ ಈ ಮನುಷ್ಯ ತುಟಿ ಬಿಚ್ಚಿರಲಿಲ್ಲ. ಹಾರದವನ ಹತ್ತಿರ ಒಂದು ಪೈಸೆ ಚೌಕಾಸಿ ಮಾಡಿರಲಿಲ್ಲ. ಬೆವರು ಸುರಿಸಿದವರು ಕೈಚಾಚಿದಾಗ ಚಿಕ್ಕಪ್ಪನಿಗೆ ಉಳಿತಾಯ ನೆನಪಾಯಿತು. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಬಣ್ಣ ಬಳಿಯುವ ಕೆಲಸಕ್ಕೆ ಇಳಿದವನು. ಕೆಲಸ ಮುಗಿದ ಮೇಲೆ ಕೂಲಿ ಕಡಿಯುವವರ ಮುಖ ಹೇಗಿರುತ್ತದೆ ಅಂತ ಚೆನ್ನಾಗಿ ಬಲ್ಲೆ. ಅವತ್ತು ಆ ಮುಖ ನಮ್ಮ ಮನೆಯ ಹಿರಿಯರದೇ ಆಗಿತ್ತು.

“ಚಿಕ್ಕಪ್ಪ, ಇನ್ನೊಂದು ಮಾತಾಡಿದ್ರೆ ಸರಿಯಿರಲ್ಲ” ಅಂದೆ. ಆಳುಗಳಿಗೆ ಕೇಳಿದಷ್ಟು ನನ್ನ ಜೇಬಿನಿಂದ ಕೊಟ್ಟೆ.

ಮನೆಗೆ ಬಂದು ಅತ್ತಿಗೆಯ ಹತ್ತಿರ ಕೂತೆ. ಪೆಟ್ಟಿಗೆ, ಪಟಾಕಿ, ತಮಟೆ, ಶಾಮಿಯಾನ ಆಗಲೇ ಚೀಟಿ ದುಡ್ಡಿಗೆ ಬಾಯಿ ಹಾಕಿದ್ದವು. “ಅತ್ತಿಗೆ, ಅವರು ಜೋರಾಗಿ ಕೇಳೋದೇ ನೀವು ಬೇಡ ಅನ್ಬಾರ್ದು ಅಂತ. ಇನ್ಮೇಲೆ ಏನು ಕೇಳಿದ್ರೂ ನನ್ನ ಕೇಳಿ ಅಂದ್ಬುಡಿ” ಎಂದೆ.

ಮೂರನೇ ದಿನ ಹಾಲುತುಪ್ಪ ಬಿಡಲು ಸಮಾಧಿಯ ಹತ್ತಿರ ಎಲ್ಲರೂ ಸೇರಿದೆವು. ಅತ್ತಿಗೆ ಮಣ್ಣಿನ ಮೇಲೆ ಹಾಲು ಎರೆಯುತ್ತಿದ್ದರು. ಕೈಯಲ್ಲಿ ಇನ್ನೂ ಲೋಟ ಇತ್ತು. ಚಿಕ್ಕಪ್ಪ ಅದೇ ಗಂಟಲಿನಲ್ಲಿ ಶುರು ಮಾಡಿದರು: “ಏನವ್ವಾ, ಗ್ರಾನೈಟ್ ಕಟ್ಟಿಸೋದೋ, ಹಿಂಗೇ ಅನಾಥನ ತರ ಬುಡೋದೋ? ತಿಥಿಗೆ ಊರಿಗೆಲ್ಲ ಬಾಡೂಟ ಹೇಳ್ಬುಡ್ಲಾ?”

ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಲೋಟ ಕೆಳಗಿಟ್ಟರು.

“ಬ್ಯಾಡ ಮಾವ.”

ಅಷ್ಟು ಜೋರಾಗಿ ಅವರು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಇಡ್ಲಿ ಕೊಡುವಾಗಲೂ ಸಣ್ಣ ದನಿಯವರು.

“ಕಲ್ಲೂ ಬ್ಯಾಡ, ಬಾಡೂಟಾನೂ ಬ್ಯಾಡ. ಮನೆಯೋರಿಗೆ ಅನ್ನ, ಕಾಳುಸಾರು ನಾನೇ ಮಾಡ್ತೀನಿ. ಅವ್ರನ್ನ ಮಗನ ಸಮಾನ ಅಂತಿದ್ರಲ್ಲ ನೀವು, ನಿಮ್ಮ ದುಡ್ಡಲ್ಲಿ ಕಲ್ಲು ಹಾಕ್ಸೋದಾದ್ರೆ ಹಾಕ್ಸಿ. ನಾನು ತಡೆಯಲ್ಲ.”

ಎಲ್ಲರೂ ಚಿಕ್ಕಪ್ಪನ ಕಡೆ ತಿರುಗಿದರು. ಈ ಸಲ ಉತ್ತರ ಹೇಳಬೇಕಾದವರು ಅವರು.

“ನಂದೂ ಕಷ್ಟ ಐತಲ್ಲವ್ವಾ...” ಅಂದರು. ಅವರ ದನಿ ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ.

ತಿಥಿಗೆ ಅವರು ಬರಲಿಲ್ಲ. ಕಾಳುಸಾರಿನ ತಿಥಿಗೆ ಯಾರು ಬರುತ್ತಾರೆ ಅಂದರಂತೆ. ಅಡ್ವಾನ್ಸಿಗೆ ಕಡಿಮೆ ಬಿದ್ದದ್ದನ್ನು ತಿಂಗಳು ತಿಂಗಳು ತೀರಿಸುವುದಾಗಿ ಅತ್ತಿಗೆ ಮಳಿಗೆಯವನನ್ನು ತಾವೇ ಹೋಗಿ ಒಪ್ಪಿಸಿದರು. ಗಾಜಿನ ಪೆಟ್ಟಿಗೆ ಬರದಿದ್ದರೆ ಆ ಸಾಲವೂ ಇರುತ್ತಿರಲಿಲ್ಲ ಅಂತ ನೆನೆದಾಗೆಲ್ಲ ನನಗೆ ಮೈ ಉರಿಯುತ್ತದೆ.

ತಮ್ಮನಾದವನು ಅಣ್ಣನನ್ನು ಸಾಮಾನು ಗಾಡಿಯಲ್ಲಿ ಹಾಕಿಕೊಂಡು ಹೋಗಿ ಹೂತುಬಂದ ಎಂದು ಚಿಕ್ಕಪ್ಪ ಈಗಲೂ ಕಂಡವರ ಹತ್ತಿರ ಹೇಳುತ್ತಾರೆ. ಹೌದು, ಹೂತುಬಂದೆ. ಅಣ್ಣನಿಗೆ ಏನು ಮಾಡಿದಿರಿ ಅಂತ ಕೇಳುವವರು ಬೆಳಿಗ್ಗೆ ಮುಖ್ಯರಸ್ತೆಯ ಆ ಮಳಿಗೆಗೆ ಹೋಗಲಿ. ಇಡ್ಲಿ ಚೆನ್ನಾಗಿರುತ್ತದೆ. ದುಡ್ಡು ಕೊಟ್ಟು ತಿನ್ನಲಿ.