ಬಿಟ್ಟುಹೋದ ‘ಅನ್ನು’

ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಆ ಆಯಾಳಿಗೆ ‘ರೇಡಿಯೊ’ ಎಂದೇ ಅಡ್ಡಹೆಸರು. ಬಾಯಿಗೆ ಬೀಗವಿಲ್ಲ, ಪ್ರಜ್ಞೆ ಇಲ್ಲದವರ ಜೊತೆಗೂ ಹರಟೆ. ಅಂಥವಳ ಪಾಲಿಗೆ ಬಂದದ್ದು ನಾಲ್ಕನೇ ಮಹಡಿಯ ಅಜ್ಜಿ. ಹಾಸಿಗೆ ಹಿಡಿದ ಮೇಲೆ ಅಜ್ಜಿ ಕಲಿತದ್ದನ್ನೆಲ್ಲ ಮರೆತು, ಹುಟ್ಟುಭಾಷೆಯಾದ ಇಟಾಲಿಯನ್ ಒಂದನ್ನೇ ಉಳಿಸಿಕೊಂಡಿದ್ದಳು. ಜೊತೆಗಿದ್ದವಳು ಒಬ್ಬಳೇ ಮಗಳು, ಅವಳಿಗೆ ಆ ಭಾಷೆ ಬಾರದು. ಮಾತಿಲ್ಲದೆ ಬದುಕಲಾರದ ಆಯಾ ಹಟ ಹಿಡಿದು ಸಂಜೆಯ ಇಟಾಲಿಯನ್ ತರಗತಿಗೆ ಸೇರಿದಳು.

ಕೇಳು, ನೋಡು ಎಂಬ ಕ್ರಿಯೆಗಳ ನಂತರವಾಗಲಿ, ‘ಇಲ್ಲದೆ’, ‘ಮುಂಚೆ’ ಎಂಬಂಥ ಪದಗಳ ನಂತರವಾಗಲಿ ಬರುವ ಕ್ರಿಯೆ ಬರಿಮೈಯಲ್ಲಿ ಬರುತ್ತದೆ, ಯಾರು, ಯಾವಾಗ ಎಂಬ ಗುರುತು ಅದಕ್ಕಿರುವುದಿಲ್ಲ ಎಂದು ಮೇಡಂ ಪಾಠ ಮಾಡಿದರು. ಗುರುತಿಲ್ಲದವರನ್ನು ನಾವು ಬಾಗಿಲಲ್ಲೇ ನಿಲ್ಲಿಸುತ್ತೇವೆ ಎಂದು ಆಯಾ ನಗಿಸಿದಳು.

ಲಿಫ್ಟ್ ಕೆಟ್ಟು ರಿಪೇರಿ ನಡೆದಿದ್ದ ವಾರ, ಅಜ್ಜಿ ಬಾಗಿಲ ಕಡೆ ನೋಡುತ್ತ ‘ಸೆಂತೊ ಕ್ಯಾಮಾರೆ ಮೀಯಾ ಫೀಲ್ಯಾ’ ಎನ್ನತೊಡಗಿದಳು. ಕೇಳಿಸುತ್ತಿದೆ, ಕರೆಯುವುದು, ನನ್ನ ಮಗಳು. ಮಗಳು ಕರೆಯುವುದು ಕೇಳಿಸುತ್ತಿದೆ ಎಂದುಕೊಂಡು ಆಯಾ ಅಡುಗೆಮನೆಗೆ ಹೋಗಿ ತಿಳಿಸಿದಳು. ಮಗಳು ತಾನು ಕರೆದೇ ಇಲ್ಲವೆಂದಳು. ದಿನಾ ಇದೇ ಕಥೆ. ಒಂದು ದಿನ ಅಜ್ಜಿ ಬಿಳಿಚಿಕೊಂಡು, ಆಯಾಳ ಕೈ ಹಿಡಿದು ‘ಸೆಂತ್ಸಾ ರಿಸ್ಪೊಂದೆರೆ’ ಎಂದು ಬೇಡತೊಡಗಿದಳು. ಓಗೊಡದೆ. ಯಾರು ಓಗೊಡದೆ? ಆಯಾಳಿಗೆ ತಲೆಬುಡ ತಿಳಿಯಲಿಲ್ಲ. ಅಂದು ಸಂಜೆ ಮೇಡಂ ಬಳಿ ಕೇಳಿದಳು.

“ಮಗಳು ಕರೆಯೋದು ಅಂತಲೂ ಆಗುತ್ತೆ, ಮಗಳನ್ನು ಕರೆಯೋದು ಅಂತಲೂ ಆಗುತ್ತೆ,” ಎಂದರು ಮೇಡಂ. “ನಮ್ಮ ‘ಅನ್ನು’ ಅವರಿಗಿಲ್ಲ ನೋಡಿ.”

“ಹಾಗಾದ್ರೆ ಕರೆಯೋರು ಯಾರು ಮೇಡಂ?”

“ಅದನ್ನ ಹೇಳಲೇಬೇಕು ಅಂತಿಲ್ಲ.”

‘ಓಗೊಡದೆ’ ಇರಬೇಕಾದವಳು ಮಗಳು ಎಂದು ಆಯಾಳಿಗೆ ಹೊಳೆಯಿತು. ಚೀಲವನ್ನೂ ಬಿಟ್ಟು ಓಡಿದಳು. ಏದುಸಿರು ಬಿಡುತ್ತ ಕೊನೆಯ ಮೆಟ್ಟಿಲು ಹತ್ತಿದಾಗ ಲಿಫ್ಟಿನ ಬಾಗಿಲು ತೆರೆದಿತ್ತು. ಒಳಗೆ ಲಿಫ್ಟ್ ಇರಲಿಲ್ಲ, ಬರೀ ಕತ್ತಲೆಯ ಗುಂಡಿ. ಮಗಳು ಮನೆಯಿಂದ ಹೊರಬಂದು, ನಗುಮುಖದಲ್ಲಿ ಅದರತ್ತಲೇ ನಡೆದಿದ್ದಳು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಮುಗಿದಿತ್ತು. ಆಯಾ ಅವಳ ರಟ್ಟೆ ಹಿಡಿದು ಎಳೆದಳು.

“ಯಾಕೆ ಎಳೀತೀಯಾ? ನೀನೇ ತಾನೇ ಕರೆದದ್ದು? ಓಗೊಡೋಣ ಅಂತ ಬಾಯಿ ತೆಗೆದಿದ್ದೆ.”

ಮೆಟ್ಟಿಲು ಹತ್ತುವಾಗ ರೇಡಿಯೊ ಬಾಯಿಯನ್ನೇ ತೆರೆದಿರಲಿಲ್ಲ. ಆಗ ಒಳಗಿನಿಂದ, ತಿಂಗಳುಗಳಿಂದ ಪಿಸುಗುಟ್ಟುವುದಷ್ಟೇ ಸಾಧ್ಯವಾಗಿದ್ದ ಅಜ್ಜಿಯ ದನಿ ಗಟ್ಟಿಯಾಗಿ ಕೇಳಿಸಿತು: “ವೆಂಗೊ!”

ಬರುತ್ತೇನೆ. ಈ ಕ್ರಿಯೆ ಬರಿಮೈಯಲ್ಲಿರಲಿಲ್ಲ. ‘ನಾನು’ ಅದರೊಳಗೇ ಇತ್ತು. ಇಬ್ಬರೂ ಒಳಗೆ ಓಡುವಷ್ಟರಲ್ಲಿ ಅಜ್ಜಿ ಹೋಗಿಯಾಗಿತ್ತು.