ಕೊಡದೆ ಉಳಿಸಿಕೊಂಡ ಚೂರಿ

ನನ್ನ ಬ್ಯಾಗಿನಲ್ಲಿ ಯಾವಾಗಲೂ ಒಂದು ಮಡಚುವ ಚೂರಿ ಇರುತ್ತಿತ್ತು. ನಾನು ಮಣಿಪಾಲದ ಒಂದು ಆಫೀಸಿನಲ್ಲಿ ಸ್ಟೆನೋ ಆಗಿದ್ದ ಕಾಲದಲ್ಲಿ ಅದನ್ನು ಕಂಡವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಇದು ಎಂತಕ್ಕೆ ಮಾರಾಯ್ತಿ? ಬಸ್ಸಿನಲ್ಲಿ ಯಾರಾದರೂ ತೊಂದರೆ ಕೊಡ್ತಾರಾ?" ಹೆಂಗಸಿನ ಕೈಯಲ್ಲಿ ಚೂರಿ ಕಂಡರೆ ಜನರಿಗೆ ಹೆದರಿಕೆಯೊಂದನ್ನು ಬಿಟ್ಟು ಬೇರೆ ಕಾರಣ ಹೊಳೆಯುವುದಿಲ್ಲ. ತೊಂದರೆ ಕೊಡುವವರಿಗೆ ನನ್ನ ಬಾಯಿಯೇ ಸಾಕಿತ್ತು. ಚೂರಿ ಇದ್ದದ್ದು ಪೆನ್ಸಿಲ್ ಕೆತ್ತುವುದಕ್ಕೆ, ಅದಕ್ಕಿಂತ ಹೆಚ್ಚಾಗಿ ನೋಡುವುದಕ್ಕೆ. ಹೆಣ್ಣು ಚಂದದ ವಸ್ತು ಇಟ್ಟುಕೊಳ್ಳುವುದಾದರೆ ಅದು ಬಂಗಾರವೇ ಆಗಬೇಕೆಂದು ಯಾರು ಹೇಳಿದರು?

ಮಡಚಿದಾಗ ಅದು ನನ್ನ ಅಂಗೈಯಷ್ಟು ಉದ್ದ. ಹಿಡಿ ಕಪ್ಪು ಕೊಂಬಿನದು, ತುದಿಯ ಹತ್ತಿರ ಮಾತ್ರ ಒಂದು ಬಿಳಿಚಿದ ಗೆರೆ. ಹಿಡಿಯನ್ನು ಬಿಗಿದು ನಿಲ್ಲಿಸಿದ್ದು ಮೂರು ಹಿತ್ತಾಳೆಯ ಪಿನ್ನುಗಳು. ಕಣ್ಣು ಮುಚ್ಚಿ ಬೆರಳಾಡಿಸಿದರೆ ಹಿತ್ತಾಳೆ ಎಲ್ಲಿ ಮುಗಿಯಿತು, ಕೊಂಬು ಎಲ್ಲಿ ಶುರುವಾಯಿತು ಎಂದು ಹೇಳಲಾಗದು. ಅಲಗು ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಬಡಿದು ಮಾಡಿದ್ದು, ಹೊಳೆಯುವ ಜಾತಿಯದಲ್ಲ. ಕೊಯ್ದ ಅಡಿಕೆ, ಮಾವು, ಲಿಂಬೆಯೆಲ್ಲ ಅದರ ಮೇಲೆ ತಮ್ಮ ಬಣ್ಣ ಬಿಟ್ಟುಹೋಗಿದ್ದವು, ಒಂದು ಕಡೆ ನೀಲಿ, ಒಂದು ಕಡೆ ಬೂದಿ. ತಿಳಿಯದವರು ಅದನ್ನು ತುಕ್ಕು ಎನ್ನುತ್ತಿದ್ದರು. ಉಗುರು ಸಿಕ್ಕಿಸಿ ತೆರೆಯುವಾಗ ಮೊದಲು ಸ್ವಲ್ಪ ಮುನಿಸು ತೋರಿಸುತ್ತದೆ, ಅರ್ಧ ದಾರಿಯಲ್ಲಿ ಒಪ್ಪಿಕೊಳ್ಳುತ್ತದೆ, ಕೊನೆಗೆ ಟಕ್ ಎಂದು ಕೂರುತ್ತದೆ. ಆ ಟಕ್ ಒಂದಕ್ಕಾಗಿ ನಾನು ಕೆಲಸವಿಲ್ಲದಾಗಲೂ ಅದನ್ನು ತೆರೆದು ಮಡಚುತ್ತಿದ್ದೆ. ಮಾಡಿದ ಆಚಾರಿ ಅದರಲ್ಲಿ ಹೆಸರು ಕೊರೆದಿರಲಿಲ್ಲ. ಅಲಗಿನ ಬುಡದಲ್ಲಿ ಮೂರು ಚುಕ್ಕಿ ಹೊಡೆದು ಸುಮ್ಮನಾಗಿದ್ದ.

ಚೂರಿ ಅಪ್ಪನದು. ಅವರು ಕಾಪುವಿನಿಂದ ಉಡುಪಿಗೆ, ಉಡುಪಿಯಿಂದ ಕಾರ್ಕಳಕ್ಕೆ ಓಡುವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಬಸ್ಸಿನ ಟಾಪಿನಲ್ಲಿ ಹಲಸಿನಹಣ್ಣು ಕಟ್ಟಿದ ಹಗ್ಗ ಗಂಟುಬಿದ್ದರೆ ಬಿಡಿಸುವುದಕ್ಕೆ, ಟ್ರಿಪ್ಪಿನ ನಡುವೆ ಅಡಿಕೆ ಹೋಳು ಮಾಡುವುದಕ್ಕೆ, ಕಿವಿಗೆ ಸಿಕ್ಕಿಸಿದ ಪೆನ್ಸಿಲಿಗೆ ಮೊನೆ ತೆಗೆಯುವುದಕ್ಕೆ ಅದೇ ಚೂರಿ. ಆದರೆ ಸ್ಕ್ರೂ ತಿರುಗಿಸಲು, ಡಬ್ಬದ ಮುಚ್ಚಳ ಎಬ್ಬಿಸಲು ಯಾರು ಕೇಳಿದರೂ ಕೊಡುತ್ತಿರಲಿಲ್ಲ. ವಾರಕ್ಕೊಮ್ಮೆ ಮೆಟ್ಟಿಲ ಮೇಲೆ ಕುಳಿತು ಸಾಣೆಕಲ್ಲಿನಲ್ಲಿ ಮಸೆದು, ಕೀಲಿಗೆ ಎರಡು ಹನಿ ತೆಂಗಿನೆಣ್ಣೆ ಬಿಟ್ಟು, ಬನಿಯನ್ನಿನ ತುಂಡಿನಿಂದ ಒರೆಸುತ್ತಿದ್ದರು.

ನಾನು ಉಡುಪಿಯಲ್ಲಿ ಶಾರ್ಟ್‌ಹ್ಯಾಂಡ್ ಕ್ಲಾಸಿಗೆ ಸೇರಿದಾಗ ಅದನ್ನು ನನ್ನ ಮುಂದಿಟ್ಟು ಪೆನ್ಸಿಲ್ ಕೆತ್ತಲು ಕಲಿಸಿದರು. ಶಾರ್ಟ್‌ಹ್ಯಾಂಡಿಗೆ ಉದ್ದನೆಯ, ಸಪೂರದ ಮೊನೆ ಬೇಕು. ಅಂಗಡಿಯ ಶಾರ್ಪ್‌ನರ್ ಪೆನ್ಸಿಲನ್ನು ಜಗಿದು ಉಗುಳುತ್ತಿತ್ತು. "ಒತ್ತಬೇಡ ಮಗಾ. ಎಷ್ಟು ಹೋಗಬೇಕಂತ ಅದಕ್ಕೆ ಗೊತ್ತುಂಟು. ನೀನು ಪೆನ್ಸಿಲ್ ತಿರುಗಿಸಿದರೆ ಸಾಕು," ಎನ್ನುತ್ತಿದ್ದರು. ಮರದ ಸಿಪ್ಪೆ ತೆಳ್ಳಗೆ ಸುರುಳಿಯಾಗಿ ಮಡಿಲಿಗೆ ಬೀಳುತ್ತಿತ್ತು. ಆ ಹಿಡಿ ನನ್ನ ಕೈಗೆ ಎಷ್ಟು ಸರಿಯಾಗಿ ಕೂರುತ್ತಿತ್ತೆಂದರೆ ನನಗೆಂದೇ ಮಾಡಿದ್ದು ಅನಿಸುತ್ತಿತ್ತು. ಎಲ್ಲಿಯದು ಎಂದು ಒಮ್ಮೆ ಕೇಳಿದ್ದೆ. "ಕಾರ್ಕಳದ್ದು," ಎಂದಿದ್ದರು. ಅಷ್ಟೇ. ಅವರು ಹೆಚ್ಚು ಹೇಳಿದವರಲ್ಲ, ನಾನು ಹೆಚ್ಚು ಕೇಳಿದವಳೂ ಅಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಅಪ್ಪ ತೀರಿಕೊಂಡರು. ಬೆಳಗಿನ ಟ್ರಿಪ್ಪಿನಲ್ಲಿ ಎದೆನೋವು ಎಂದವರು ಮಧ್ಯಾಹ್ನಕ್ಕೆ ಇರಲಿಲ್ಲ. ಆಸ್ಪತ್ರೆಯಲ್ಲಿ ಅವರ ಖಾಕಿ ಅಂಗಿಯನ್ನು ನನ್ನ ಕೈಗೆ ಕೊಟ್ಟರು. ಜೇಬಿನಲ್ಲಿ ಚೂರಿ ಇತ್ತು. ಅಂಗಿಯನ್ನು ಅಮ್ಮನಿಗೆ ಕೊಟ್ಟೆ, ಚೂರಿಯನ್ನು ನನ್ನ ಬ್ಯಾಗಿಗೆ ಹಾಕಿಕೊಂಡೆ. ಹದಿನೈದು ದಿನ ಯಾರೂ ಅದನ್ನು ಕೇಳಲಿಲ್ಲ.

ನಮ್ಮದು ಅಳಿಯ ಸಂತಾನದ ಕಟ್ಟು. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಗಂಡಸು ತೀರಿಕೊಂಡರೆ ಅವನ ಸಾಮಾನು ಅವನ ಅಕ್ಕತಂಗಿಯರ ಮನೆಗೆ, ಅವರ ಮಕ್ಕಳಿಗೆ. ಕಾನೂನು ಆಗಲೇ ಬದಲಾಗಿತ್ತು. ಆದರೆ ಕಾನೂನು ಜಮೀನಿನ ತನಕ ಬಂದಿತ್ತೇ ಹೊರತು ಅಪ್ಪನ ಟ್ರಂಕಿನ ತನಕ ಬಂದಿರಲಿಲ್ಲ. ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆ ಮುಗಿದ ದಿನ, ಅಪ್ಪನ ಅಕ್ಕ ಕಾರ್ಕಳದಿಂದ ಬಂದರು. ನಾವು ಅವರನ್ನು ಮಾಮಿ ಎನ್ನುತ್ತಿದ್ದೆವು. ಜೊತೆಗೆ ಅವರ ಮಗ, ಮಸ್ಕತ್ತಿನಿಂದ ರಜೆಯಲ್ಲಿ ಬಂದ ಭಾವ. ಅಪ್ಪನ ಕೊಡೆ, ವಾಚು, ಕಂಡಕ್ಟರ್ ಸೀಟಿ ಎಲ್ಲವೂ ಟ್ರಂಕಿನೊಳಗೆ ಹೋದವು. ಅಮ್ಮನೇ ಒಂದೊಂದಾಗಿ ತಂದು ಕೊಟ್ಟರು. ನಾನು ತಡೆಯಲಿಲ್ಲ.

ಆಮೇಲೆ ಮಾಮಿ ಕೇಳಿದರು: "ಅವನ ಚೂರಿ ಎಲ್ಲುಂಟು?"

"ನನ್ನ ಹತ್ತಿರ ಉಂಟು. ನಾನು ಕೊಡುವುದಿಲ್ಲ," ಎಂದೆ.

ಮನೆ ತುಂಬ ಜನ. ಎಲೆ ಹಾಕಲು ಹೊರಟವರು ಅಲ್ಲಲ್ಲೇ ನಿಂತರು. ಅಮ್ಮನ ಅಣ್ಣ, ನಮ್ಮ ಯಜಮಾನ ಮಾವ, ಗದರಿಸಿದರು. "ಹುಡುಗಿಗೆ ಚೂರಿ ಎಂತಕ್ಕೆ? ತಂದು ಕೊಡು." ಭಾವ ಒಳ್ಳೆಯವನೇ, ಜಗಳ ಬೇಡವೆಂದು ತನ್ನ ಜೇಬಿನಿಂದ ಒಂದು ಫಾರಿನ್ ಚೂರಿ ತೆಗೆದ. ಫಳಫಳ ಸ್ಟೀಲು, ಕತ್ತರಿ, ಬಾಟಲಿ ಓಪನರ್, ಹಲ್ಲುಕಡ್ಡಿ ಎಲ್ಲ ಅದರೊಳಗೆ. "ಇದನ್ನು ನೀನು ಇಟ್ಟುಕೋ. ತುಕ್ಕು ಹಿಡಿಯುವುದಿಲ್ಲ." ನಾನು ಅದರ ಅಲಗನ್ನು ತೆರೆದು ಮಡಚಿದೆ. ಸದ್ದೇ ಇಲ್ಲ. "ಭಾವ, ಇದರಲ್ಲಿ ಎಲ್ಲವೂ ಉಂಟು, ಚೂರಿಯೊಂದು ಇಲ್ಲ," ಎಂದು ಅವನ ಮುಂದೆ ಇಟ್ಟೆ. ಮೂಲೆಯಲ್ಲಿದ್ದ ಒಬ್ಬಳು ಅಜ್ಜಿ, "ಅವನನ್ನೇ ಮದುವೆಯಾಗು, ಚೂರಿ ಎರಡೂ ಮನೆಗಾಗ್ತದೆ," ಎಂದಳು. "ಇಷ್ಟು ಸಣ್ಣ ಚೂರಿಗೆ ಅಷ್ಟು ದೊಡ್ಡ ಗಂಡ ಯಾಕಜ್ಜಿ?" ಎಂದೆ. ಕೆಲವರು ನಕ್ಕರು. ಮಾಮಿ ನಗಲಿಲ್ಲ. ಮಗನಿಗೆ ಟ್ರಂಕು ಎತ್ತಲು ಹೇಳಿ, ಊಟಕ್ಕೆ ಕೂರದೆ ಹೊರಟುಹೋದರು. ಬೊಜ್ಜದ ಮನೆಯಿಂದ ಉಣ್ಣದೆ ಹೋಗುವುದೆಂದರೆ ನಮ್ಮಲ್ಲಿ ಸಣ್ಣ ಮಾತಲ್ಲ.

ಆರೇಳು ವರ್ಷ ಆ ಮನೆಯಿಂದ ನಮಗೆ ಕರೆಯಿಲ್ಲ, ಹೇಳಿಕೆಯಿಲ್ಲ. ಭಾವನ ಮದುವೆಯಾದದ್ದು ನಮಗೆ ಬೇರೆಯವರಿಂದ ತಿಳಿಯಿತು. ತಪ್ಪು ನನ್ನದೇ ಎಂದು ಅಮ್ಮ ಹೇಳುತ್ತಿದ್ದರು. ಟ್ರಂಕು ತುಂಬ ಕೊಂಡುಹೋದವರಿಗೆ ಒಂದು ಚೂರಿ ಬಿಟ್ಟುಕೊಡಲಾಗಲಿಲ್ಲವಲ್ಲ, ಅದು ಆಸೆಬುರುಕತನ ಎಂದು ನಾನು ಹೇಳುತ್ತಿದ್ದೆ. ಹಾಗೆಂದು ನಾನು ನಿಜವಾಗಿಯೂ ನಂಬಿದ್ದೆ.

ಎಂಬತ್ತರ ದಶಕದ ನಡುವೆ ಚೂರಿಯ ಕೀಲು ಸಡಿಲವಾಯಿತು, ಅಲಗು ಎಡಬಲಕ್ಕೆ ಆಡತೊಡಗಿತು. ಉಡುಪಿಯಲ್ಲಿ ತೋರಿಸಿದರೆ ಹೊಸದು ತೆಗೆದುಕೊಳ್ಳಿ ಎಂದರು. ಒಂದು ಶನಿವಾರ ರಜೆ ಹಾಕಿ ಕಾರ್ಕಳಕ್ಕೆ ಹೋಗಿ, ಮೂರು ಚುಕ್ಕಿ ತೋರಿಸುತ್ತ ವಿಚಾರಿಸಿ ಕುಲುಮೆ ಹುಡುಕಿದೆ. ವಯಸ್ಸಾದ ಆಚಾರಿ ನನ್ನ ಮುಖ ನೋಡಲಿಲ್ಲ. ಚೂರಿಯನ್ನು ಕಿವಿಯ ಹತ್ತಿರ ಹಿಡಿದು ತೆರೆದರು.

"ನನ್ನ ಕೈಯದೇ. ಕಂಡಕ್ಟರದ್ದಲ್ವಾ?"

ಮಗಳು ಎಂದೆ. ಹಳೆಯ ಪಿನ್ನು ತೆಗೆಯುತ್ತ ಅವರು ಹೇಳಿದರು: "ಇದನ್ನು ಮಾಡಿಸಿದ್ದು ಅವರ ಅಕ್ಕ. ತಮ್ಮನಿಗೆ ಬಸ್ಸಿನಲ್ಲಿ ಕೆಲಸ ಸಿಕ್ಕಿತು ಅಂತ. ಕೊಂಬು ಅವರೇ ತಂದದ್ದು, ಸಾಕಿದ ಎಮ್ಮೆ ಸತ್ತದ್ದರ ಕೊಂಬು. ನಾನು ಮಾಡಿಟ್ಟದ್ದನ್ನು ಹಿಡಿದು ನೋಡಿ, ಹಿಡಿ ದಪ್ಪ ಆಯಿತು, ನನ್ನ ತಮ್ಮನ ಕೈ ಸಣ್ಣದು ಅಂದರು. ಎರಡು ದಿನ ಇಲ್ಲೇ ಕುಳಿತು, ಉಜ್ಜಿಸಿ ಉಜ್ಜಿಸಿ ಸಪೂರ ಮಾಡಿಸಿದರು. ಅಷ್ಟು ಹಠದ ಗಿರಾಕಿಯನ್ನು ನಾನು ಮತ್ತೆ ಕಂಡದ್ದಿಲ್ಲ."

ನನಗೆ ನಾಚಿಕೆಯಾಯಿತು. ಕುಲುಮೆಯ ಶಾಖಕ್ಕೆ ಮುಖ ಕೆಂಪಾಗಿದೆ ಎಂದು ಆಚಾರಿ ತಿಳಿದಿರಬೇಕು, ಕುಡಿಯಲು ನೀರು ಕೊಟ್ಟರು.

ಹೊಸ ಪಿನ್ನು ಕೂರಿಸಿದ ಚೂರಿ ಹಿಡಿದು ಅಲ್ಲಿಂದ ನೇರ ಮಾಮಿಯ ಮನೆಗೆ ಹೋದೆ. ಅವರು ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಆಚಾರಿ ಹೇಳಿದ್ದನ್ನು ಹೇಳಿ ಚೂರಿಯನ್ನು ಅವರ ಮುಂದೆ ಇಟ್ಟೆ. ಮಾಮಿ ಬೀಡಿಯ ಮೊರವನ್ನು ಬದಿಗಿಟ್ಟರು. ಚೂರಿಯನ್ನು ತೆರೆಯಲಿಲ್ಲ. ಹಿಡಿಯನ್ನೇ ಮುಷ್ಟಿಯಲ್ಲಿ ಹಿಡಿದು, ಬಿಳಿ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದರು.

"ಅವತ್ತು ಕೇಳಿದ್ದು ಮಗನಿಗೆ ಅಂತ ಅಲ್ಲ," ಎಂದರು. "ನನಗೆ."

"ನೀವು ಹಾಗೆ ಹೇಳಲಿಲ್ಲ ಮಾಮಿ."

"ಅಷ್ಟು ಜನರ ಎದುರು ಎಂತ ಹೇಳುವುದು? ನನಗೆ ನನ್ನ ತಮ್ಮ ಬೇಕು ಅಂತಲಾ?"

ನಾನು ಅವರ ಪಕ್ಕ ಕುಳಿತು ಅತ್ತೆ. ಅವರನ್ನು ಉಣ್ಣದೆ ಕಳುಹಿಸಿದ್ದಕ್ಕೆ, ಆಸೆಬುರುಕಿ ಎಂದದ್ದಕ್ಕೆ ಕ್ಷಮೆ ಕೇಳಿದೆ. ಅವರು ಕಣ್ಣೊರೆಸಿಕೊಂಡು, "ಇದನ್ನು ಇಟ್ಟು ಹೋಗ್ತೀಯಾ?" ಎಂದು ಕೇಳಿದರು.

"ಇಲ್ಲ ಮಾಮಿ," ಎಂದೆ.

ಕೊಟ್ಟುಬಂದೆ ಎಂದು ಬರೆದಿದ್ದರೆ ಓದುವವರಿಗೆ ನಾನು ಒಳ್ಳೆಯವಳಾಗಿ ಕಾಣುತ್ತಿದ್ದೆ. ಅವರ ಹಕ್ಕು ನನ್ನದಕ್ಕಿಂತ ಹಳೆಯದು, ಗೊತ್ತು. ಕಟ್ಟು ಅವರ ಕಡೆಗಿತ್ತು, ನ್ಯಾಯವೂ ಬಹುಶಃ ಅವರ ಕಡೆಗೇ. ಆದರೂ ನನಗೆ ಅದು ಬೇಕಿತ್ತು, ಅವರಿಗೆ ಬೇಕಾದಷ್ಟೇ ಬೇಕಿತ್ತು. ಬೊಜ್ಜದ ದಿನ ಇದೆಲ್ಲ ಗೊತ್ತಿದ್ದರೂ ನಾನು ಕೊಡುತ್ತಿರಲಿಲ್ಲ.

ಮಾಮಿ ನನ್ನನ್ನೇ ನೋಡಿದರು. ಕೈಯಿಂದ ಕೈಗೆ ಚೂರಿ ಕೊಟ್ಟರೆ ಜಗಳವಾಗುತ್ತದೆ ಎಂದು ನಮ್ಮ ಕಡೆ ಯಾರೂ ಹಾಗೆ ಕೊಡುವುದಿಲ್ಲ. ಅವರು ಅದನ್ನು ಮೆಲ್ಲಗೆ ನಮ್ಮಿಬ್ಬರ ನಡುವೆ ನೆಲದ ಮೇಲಿಟ್ಟು, ಕೈ ಹಿಂದಕ್ಕೆ ತೆಗೆದುಕೊಂಡರು. ನಾನು ಎತ್ತಿಕೊಂಡೆ.